ಮುಳುಗಿದ ಹೊಲದ ಚರಗ

ಕಲಘಟಗಿ ಕಡೆಯ ನಮ್ಮ ಹೊಲ ಮುಳುಗಿಸಿ ಕೆರೆ ಕಟ್ಟಿದರು. ಎಪ್ಪತ್ತಾರರಲ್ಲಿ ಅದರ ದಂಡೆಗೆ ಹೂದೋಟ ಮಾಡಿ, ವಿಹಾರಕ್ಕೆ ಬನ್ನಿರೆಂದು ನಮ್ಮನ್ನೇ ಕರೆದರು! ಎಳ್ಳಮಾವಾಸ್ಯೆಯಂದು ನಾನು, ನನ್ನ ಗಂಡ ಬುತ್ತಿ ಕಟ್ಟಿಕೊಂಡು ಹೋದೆವು.

ಮುಳುಗಿದರೂ ಹೊಲ ಹೊಲವೇ. ಭೂತಾಯಿಗೆ ಚರಗ ಚೆಲ್ಲಲೇಬೇಕು. ಒಬ್ಬರು ಅನ್ನ ಚೆಲ್ಲುತ್ತ ಮುಂದೆ ನಡೆದರೆ, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸಬೇಕು. ಅದು ನಮ್ಮತ್ತೆ ಅನ್ನವ್ವನ ಕೆಲಸ, ಆಕೆ ತೀರಿಹೋಗಿದ್ದಳು. ಇಷ್ಟು ನೀರಿರುವಾಗ ಚಿಮುಕಿಸುವವರು ಯಾಕೆಂದು ಗಂಡನನ್ನು ಬುತ್ತಿಯ ಹತ್ತಿರ ಬಿಟ್ಟು ದಂಡೆಗುಂಟ ಒಬ್ಬಳೇ ಚೆಲ್ಲುತ್ತ ನಡೆದೆ.

ಮಧ್ಯಾಹ್ನದ ಬಿಸಿಲಲ್ಲಿ ಹಿಮ್ಮಡಿಗೆ ತಣ್ಣನೆಯ ಹನಿ ಬಿತ್ತು. ಹೆಜ್ಜೆ ಹೆಜ್ಜೆಗೂ ಬಿತ್ತು. ಗಾಳಿಯಲ್ಲಿ ಉತ್ತ ಮಣ್ಣಿನ ವಾಸನೆ. ತಿರುಗಿ ನೋಡುವಷ್ಟರಲ್ಲಿ ಕಾವಲುಗಾರ ತಿರಕಪ್ಪ ಸೀಟಿ ಊದುತ್ತ ಬಂದ.

“ಅಕ್ಕಾರ, ಹಾದಿ ಎಲ್ಲಾ ನೀರು ಮಾಡಿದ್ಲಲ್ರಿ ಆ ಮುದಿಕಿ!”

“ಯಾವ ಮುದಿಕಿನೋ?”

“ನಿಮ್ಮ ಹಿಂದ ಬಂದಾಕಿರಿ. ಹೊರಗ ನಡಿ ಅಂತ ಬೈದೆ. ತಂಬಿಗಿ ಅಲ್ಲೇ ಇಟ್ಟು ಕೆರಿಯಾಗ ಇಳದ್ಲು.”

ತಂಬಿಗೆ ನಮ್ಮ ಮನೆಯದೇ. ನಾವು ತಂದಿರಲಿಲ್ಲ.

ತನ್ನ ಹೊಲದಲ್ಲಿ ನಡೆಯುವವಳಿಗೆ ಹೊರಗೆ ನಡಿ ಎನ್ನಲು ಅವನು ಯಾರು? ಅಂದಿನಿಂದ ಪ್ರತಿ ಎಳ್ಳಮಾವಾಸ್ಯೆಗೂ ಅಲ್ಲೇ ಚರಗ ಚೆಲ್ಲುತ್ತೇನೆ. ನನ್ನ ಹಿಮ್ಮಡಿಗೆ ಒಂದು ಹನಿಯೂ ಬಿದ್ದಿಲ್ಲ.