ಭಾನುವಾರ ಕತ್ತರಿಸಿದ ಗುಲಾಬಿ

ಸೇಡಂ ಹತ್ತಿರದ ಸಿಮೆಂಟ್ ಫ್ಯಾಕ್ಟರಿಯ ಗೆಸ್ಟ್ ಹೌಸ್ ತೋಟದಲ್ಲಿ ರತ್ನದೀಪನಷ್ಟು ನಿಧಾನದ ಮಾಲಿ ಇನ್ನೊಬ್ಬನಿರಲಿಲ್ಲ. ಚಳಿ ಮುಗಿಯುತ್ತ ಬಂದಿತ್ತು, ಗುಲಾಬಿ ಗಿಡ ಕತ್ತರಿಸುವ ಹೊತ್ತು ಮೀರುತ್ತಿತ್ತು. ಆದರೂ ಅವನ ಕತ್ತರಿ ಸೊಂಟ ಬಿಟ್ಟು ಇಳಿದಿರಲಿಲ್ಲ.

ಕಾರಣ, ಹೆಡ್ ಮಾಲಿ ಭೀಮಶ್ಯಾನ ಮಗಳು ರಾಧಿಕಾ. ಎಲೆಗಳ ಮೇಲಿನ ಸಿಮೆಂಟ್ ಧೂಳು ತೊಳೆಯಲು ಪೈಪ್ ಹಿಡಿದು ಬರುವ ಅವಳಿಗೆ ಹೂವೆಂದರೆ ಜೀವ. ಅರಳಿದ್ದರ ಮುಂದೆ ಒಂದಿಷ್ಟು ಹೊತ್ತು ನಿಂತು, ಆಮೇಲೆ ಬೇಕೆಂದೇ ಇವನ ಕಾಲಿಗೆ ನೀರು ಬಿಡುತ್ತಿದ್ದಳು. ಇವನು ತಿರುಗಿ ನೋಡಿದರೆ ಅವಳು ಆಕಾಶ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ನೀರು ಬಿಡಲಿಲ್ಲ. ಭಾನುವಾರ ಸಂಜೆ ಕುಂಚಾವರಂ ಕಡೆಯ ಗಂಡಿನವರು ಹೂ ಮುಡಿಸಲು ಬರುತ್ತಾರೆಂದಳು. ಹೂ ಮುಡಿಸಿದರೆ ಮದುವೆ ಮಾತು ಗಟ್ಟಿಯಾದಂತೆ. ಅದಕ್ಕೆ ಈ ತೋಟದ ಗುಲಾಬಿಯನ್ನೇ ಕೊಯ್ಯಲು ಅಪ್ಪ ಫ್ಯಾಕ್ಟರಿ ಸಾಹೇಬರ ಒಪ್ಪಿಗೆ ಪಡೆದಿದ್ದಾನೆಂದೂ ಹೇಳಿದಳು.

"ಅದಕ್ಕಿಂತ ಮೊದಲ ನಿಮ್ಮ ಅವ್ವನ ಕರ್ಕೊಂಡು ಮನಿಗಿ ಬಾ. ಅಪ್ಪನ ಕೇಳು."

ರತ್ನದೀಪನಿಗೆ ಕತ್ತರಿ ಹಿಡಿಯಲು ಕಲಿಸಿದವನೇ ಭೀಮಶ್ಯಾ. ಅವನೆದುರು ಕೂತು ಮಗಳನ್ನು ಕೇಳುವ ಧೈರ್ಯ ಇವನಿಗೆ ಬರಲೇ ಇಲ್ಲ. ಭಾನುವಾರ ಬೆಳಿಗ್ಗೆ ಒಂದು ಉಪಾಯ ಹೊಳೆಯಿತು, ಮಾಲಿಗೆ ಮಾತ್ರ ಹೊಳೆಯುವಂಥದ್ದು. ಹೂವೇ ಇಲ್ಲದಿದ್ದರೆ ಏನು ಮುಡಿಸುತ್ತಾರೆ? ಹೂವು ಮೊಗ್ಗು ಎನ್ನದೆ ಸಾಲು ಸಾಲು ಗಿಡಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದ. ಹೊತ್ತು ಮುಳುಗುವವರೆಗೂ ಕತ್ತರಿಸಿದ. ಮುಳ್ಳು ಗೀರಿ ಕೈಯೆಲ್ಲ ರಕ್ತವಾದರೂ ಪಾಪ, ಖುಷಿಯಾಗಿದ್ದ.

ಸೋಮವಾರ ರಾಧಿಕಾ ಬಂದಾಗ ಜಡೆಯಲ್ಲಿ ಬಾಡಿದ ಸೇವಂತಿಗೆ ಇತ್ತು. ಗಂಡಿನವರು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಒಂದು ಮೊಳ ಹೂ ಕೊಂಡುಕೊಂಡಿದ್ದರು, ಅಷ್ಟೆ.

ಅವಳು ಬೋಳು ಸಾಲುಗಳನ್ನು ನೋಡಿದಳು, ಅವನ ಕೈ ನೋಡಿದಳು. ಸಿಟ್ಟಾಗಲಿಲ್ಲ. ಬಕೆಟ್ಟಿನಲ್ಲಿ ಸಗಣಿ ಕಲಸಿ ತಂದು, ಕತ್ತರಿಸಿದ ತುದಿಗಳು ಒಣಗದಿರಲೆಂದು ಹಚ್ಚುತ್ತ ಕೂತಳು. ಅವನೂ ಪಕ್ಕದಲ್ಲಿ ಕೂತ.

"ನಿನ್ನ ಬಿಟ್ಟು ನನಗ ಇರ್ಲಿಕ್ಕಿ ಆಗಲ್ಲ," ಎಂದ, ಮೊದಲ ಸಲ. "ನಿಮ್ಮಪ್ಪ ಇಲ್ಲಂತಾನಂತ ಭಾಳ ಅಂಜಿದ್ದೆ."

"ನಾ ಅಪ್ಪಗ ಎಲ್ಲಾ ಹೇಳಿದ್ದೆ," ಎಂದಳು ರಾಧಿಕಾ, ಕೈ ನಿಲ್ಲಿಸದೆ. "ರತ್ನದೀಪ ಬಂದು ಒಂದು ಮಾತು ಕೇಳಿದ್ರ ಗಂಡಿನವರಿಗಿ ಇಲ್ಲಂತೀನಿ ಅಂದಿದ್ದ. ಅವರು ಬರೋತನ ಬಾಗಿಲದಾಗೇ ಕುಂತು ನಿನ್ನ ದಾರಿ ನೋಡಿದ. ನೀ ಇಲ್ಲಿ ಗುಲಾಬಿ ಕಡಿಯಾಕತ್ತಿದ್ದಿ."

ಅವಳು ಅವನ ಕೈಯ ಗೀರುಗಳ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ ಬಕೆಟ್ಟನ್ನು ಅವನ ಕಡೆ ಸರಿಸಿ, ಉಳಿದ ಸಾಲುಗಳನ್ನು ನೀನೇ ಮುಗಿಸು ಎಂದು ಹೇಳಿ ಎದ್ದುಹೋದಳು.