ಮೊದಲ ನೀರು ಸಂತನಿಗೆ

"ಅಯ್ಯೋ, ಅದನ್ನ ಕುಡಿದ್ಬಿಟ್ರಾ? ಅದು ನಿಮ್ಮದಲ್ಲ, ಸಂತ ತೋಮಸನದು."

ಲೆಯಾಂದ್ರೊನ ಬಾಯಲ್ಲಿ ಕೊಳವೆ ಹಾಗೇ ಉಳಿಯಿತು.

ಹಾಗೆಂದ ನಿಮಿಯಾ ಎನ್ಕಾರ್ನಸಿಯೊನ್ ಮಾರುಕಟ್ಟೆಯಲ್ಲಿ ಬೇರು, ಹಸಿ ಎಲೆಗಳನ್ನು ಒರಳಲ್ಲಿ ಕುಟ್ಟಿ, ಎಲೆಪುಡಿಯ ಮೇಲೆ ಸುರಿದು ಹೀರುವ ತೆರೆರೆಯ ತಣ್ಣೀರಿಗೆ ಹಾಕಿಕೊಡುವವಳು. ಪರಾಗ್ವೇಯಲ್ಲಿ ಕೊಂಬಿನ ಲೋಟಕ್ಕೆ ಸುರಿದ ಮೊದಲ ನೀರನ್ನು ಯಾರೂ ಹೀರುವುದಿಲ್ಲ. ಸಂತನೇ ಕುಡಿಯಲಿ ಎಂದು ಎಲೆಪುಡಿಗೇ ಬಿಟ್ಟುಬಿಡುತ್ತಾರೆ. ನದಿಯಾಚೆಯ ಅರ್ಜೆಂಟೀನಾದವನಿಗೆ ಇದೆಲ್ಲಿ ಗೊತ್ತಾಗಬೇಕು? ಅವರು ತೆರೆರೆಗೆ ಕಿತ್ತಳೆ ರಸ ಸುರಿಯುವ ಜನ!

"ಸಂತ ನಮ್ಮ ಪೊಸಾದಾಸ್‌ಗೆ ಬರ್ಲಿ, ನಾನೇ ಕುಡಿಸ್ತೀನಿ," ಎಂದ ಲೆಯಾಂದ್ರೊ.

ನಗಬಾರದು ಎಂದುಕೊಂಡೇ ನಿಮಿಯಾ ನಕ್ಕುಬಿಟ್ಟಳು. ಹುಡುಗಿ ಮನಸೋತದ್ದು ಅಲ್ಲೇ. ಒಪ್ಪಿಕೊಳ್ಳಲು ಮಾತ್ರ ಒಂದು ಬೇಸಿಗೆ ಹಿಡಿಯಿತು.

ಆಮೇಲೆ ಶನಿವಾರವೆಂದರೆ ಅವನು ಸೇತುವೆ ದಾಟಿ ಬರುತ್ತಿದ್ದ. ಅವನಿಗೊಂದು ಕೆಟ್ಟ ಚಾಳಿ, ಕಂಡದ್ದನ್ನೆಲ್ಲ ಹೋಲಿಸುವುದು. ನಮ್ಮಲ್ಲಿ ಯೂನಿವರ್ಸಿಟಿಗೆ ಫೀಸಿಲ್ಲ, ನಮ್ಮ ಬಸ್ಸು ಚೆನ್ನ, ನಮ್ಮ ರಸ್ತೆ ಚೆನ್ನ... ಅವಳೂ ಬಿಡುತ್ತಿರಲಿಲ್ಲ. ನಿಮ್ಮ ಪೆಸೊಗೆ ಬೆಳಿಗ್ಗೆ ಇದ್ದ ಬೆಲೆ ಸಂಜೆಗಿಲ್ಲ, ಬಟ್ಟೆಗೂ ಎಣ್ಣೆಗೂ ನಮ್ಮಲ್ಲಿಗೇ ಓಡಿ ಬರುತ್ತೀರಿ ಎಂದು ಚುಚ್ಚುತ್ತಿದ್ದಳು. ಜಗಳವಾಡುತ್ತಲೇ ಹತ್ತಿರವಾದರು.

ಮದುವೆಯ ಮಾತು ಬಂದಾಗ ಎಲ್ಲಿರೋಣ ಎಂದು ಅವಳು ಕೇಳಿದಳು. ಪೊಸಾದಾಸ್‌ನಲ್ಲೇ ಎಂದ. ಅಲ್ಲಿ ದೊಡ್ಡಾಸ್ಪತ್ರೆಗೂ ಕಾಸು ಕೊಡಬೇಕಿಲ್ಲ ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು.

"ನಿಮ್ಮಪ್ಪನ್ನೂ ಆಚೆ ಕರ್ಕೊಂಡು ಬಂದಿದ್ರೆ ಉಳೀತಿದ್ರು, ನಿಮಿಯಾ."

ಕುಟ್ಟುತ್ತಿದ್ದ ಕೈ ನಿಂತಿತು.

"ಎದ್ದು ಹೋಗು," ಎಂದಳು. "ನಿನ್ನ ದೊಡ್ಡ ದೇಶಕ್ಕೆ ಹೋಗು."

ಅವನು ಹೋದ. ಅವಳು ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನಿಗೆ ಉಸಿರು ಕಟ್ಟಿದ ದಿನ ಅಕ್ಕ ಸೇತುವೆ ದಾಟಿಸೋಣ ಎಂದಿದ್ದಳು. ಬೇರೆಯವರ ನಾಡಲ್ಲಿ ಬೇಡಿಕೊಂಡು ಮಲಗಲಾರೆ ಎಂದು ಅಪ್ಪ ಹಟ ಹಿಡಿದ. ಅಪ್ಪ ಹೇಳಿದ್ದೇ ಸರಿ ಎಂದು ಅಕ್ಕನ ಬಾಯಿ ಮುಚ್ಚಿಸಿದವಳು ಇವಳೇ.

ಕಿಟಕಿಯಾಚೆ, ನದಿಯ ಆ ದಡದಲ್ಲಿ, ಪೊಸಾದಾಸ್‌ನ ಕಟ್ಟಡಗಳು ಎಂದಿನಂತೆ ಕಾಣುತ್ತಿದ್ದವು. 'ಇಷ್ಟು ಹತ್ತಿರ ಇತ್ತಲ್ಲ... ನಾನೇ ಬೇಡ ಅಂದೆನಲ್ಲ...'

ಮೂರು ಶನಿವಾರ ಅವನ ಸುಳಿವಿಲ್ಲ. ನಾಲ್ಕನೆಯದಕ್ಕೆ ಬಂದು ಅಂಗಡಿಯ ಮುಂದಿನ ಮಣೆಯ ಮೇಲೆ ಕೂತ. ಫ್ಲಾಸ್ಕಿನಲ್ಲಿ ರಸವಿರಲಿಲ್ಲ, ಬರೀ ತಣ್ಣೀರು.

"ನಮ್ಮಪ್ಪಂಗೆ ಹೃದಯದ ಆಪರೇಶನ್ ಆಯ್ತು, ಕಾಸು ಖರ್ಚಿಲ್ಲದೆ," ಎಂದ. "ಈಗ ಪಿಂಚಣಿ ಸಾಲದೆ ಆ ವಯಸ್ಸಲ್ಲಿ ಗೋಡೌನ್ ಕಾಯೋಕೆ ಹೋಗ್ತಾರೆ. ನಿನ್ನ ಹತ್ರ ಇದನ್ನ ಹೇಳೋಕೆ ನಾಚಿಕೆ ಆಗ್ತಿತ್ತು. ಅದಕ್ಕೇ ಆಸ್ಪತ್ರೆ ಹೊಗಳ್ತಿದ್ದೆ."

ನಿಮಿಯಾ ಒರಳನ್ನು ಪಕ್ಕಕ್ಕೆ ಸರಿಸಿದಳು.

"ಅಪ್ಪನ್ನ ದಾಟಿಸೋದು ಬೇಡ ಅಂದಿದ್ದು ನಾನು," ಎಂದಳು. ಈ ಮಾತನ್ನು ಅವಳು ಅಕ್ಕನ ಹತ್ತಿರವೂ ಆಡಿರಲಿಲ್ಲ.

ಅವನು ಸಮಾಧಾನ ಹೇಳಲು ಹೋಗಲಿಲ್ಲ. ಮದುವೆಯಾದ ಮೇಲೆ ಎಲ್ಲಿರಬೇಕೆಂದು ನೀನೇ ಹೇಳು ಎಂದ.

"ಇಲ್ಲೇ ಇರೋಣ, ನನ್ನ ಒರಳು ಇಲ್ಲಿದೆ. ಆದ್ರೆ ನಮ್ಮಲ್ಲಿ ಯಾರಿಗೇ ಹುಷಾರು ತಪ್ಪಲಿ, ಆಚೆ ಕರ್ಕೊಂಡು ಹೋಗು. ನಾನು ಬೇಡ ಅಂದ್ರೂ ಕೇಳ್ಬೇಡ."

"ಕೇಳಲ್ಲ."

ಅವನು ಕೊಂಬಿನ ಲೋಟಕ್ಕೆ ನೀರು ಸುರಿದು, ಕುಡಿಯದೆ, ಇಬ್ಬರ ನಡುವೆ ಇಟ್ಟ. "ಇದು ಸಂತನದು ಅಲ್ವಾ?"

"ಇವತ್ತು ನಮ್ಮಪ್ಪನದು," ಎಂದಳು ನಿಮಿಯಾ.

ನೀರು ಇಂಗುವವರೆಗೂ ಇಬ್ಬರೂ ಕಾದರು. ಆಮೇಲೆ ಅವನು ಎರಡನೆಯದನ್ನು ಸುರಿದು ಅವಳ ಕೈಗೆ ಕೊಟ್ಟ.