ಅಂಗಡಿ ಹತ್ತಿರ ನಿಂತ ಬಸ್ಸು

"ಈ ಕಾಲುಗಳನ್ನ ಹೆಣೆದಿದ್ದು ಯಾರು?" ಎಂದು ಅತ್ತೆ ಕೇಳಿದಳು.

ಊಟದ ಮೇಜಿನ ಮೇಲೆ ಹನ್ನೆರಡು ನೀಲಿ ಕಾಲುಗಳು ಎರಡು ಸಾಲಾಗಿ ಮಲಗಿದ್ದವು. ಉಲ್ಲನ್ ದಾರದ ಪುಟ್ಟ ಕಾಲುಗಳು, ಒಂದೊಂದೂ ಹೆಬ್ಬೆರಳಿನಷ್ಟು ಉದ್ದ. ಅತ್ತೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಬಗ್ಗಿ ನೋಡುತ್ತಿದ್ದಳು.

"ಮೇಲಿನ ಸಾಲು ನಂದು," ಎಂದಳು ಗಿಲಕಿ.

"ಕೆಳಗಿಂದು ನಂದು," ಎಂದ ಅವಳ ತಮ್ಮ ಬಟಾಣಿ.

"ಕೆಳಗಿನವು ನೋಡು, ಆರೂ ಒಂದೇ ಅಳತೆ. ಅಚ್ಚಲ್ಲಿ ಒತ್ತಿದ ಹಾಗಿದೆ." ಅತ್ತೆ ಸ್ಕೇಲನ್ನು ಮೇಲಿನ ಸಾಲಿಗೆ ಸರಿಸಿ ನಕ್ಕುಬಿಟ್ಟಳು. "ನಿನ್ನವು ಒಂದೇ ಮನೆಯ ಆರು ಜನ ಅಣ್ಣತಮ್ಮಂದಿರು ಕಣೇ. ಒಬ್ಬ ಉದ್ದ, ಒಬ್ಬ ಗಿಡ್ಡ, ಇವನೊಬ್ಬ ಹೊಟ್ಟೆಬಾಕ."

ಬಟಾಣಿ ಕಿಸಕ್ಕನೆ ನಕ್ಕ. ಗಿಲಕಿಯೂ ನಕ್ಕಳು, ಆದರೆ ನಕ್ಕಿದ್ದು ಬಾಯಿ ಮಾತ್ರ. ಕಿವಿ ಎರಡೂ ಬಿಸಿಯಾಗಿದ್ದವು. ಅವಳ ಕೈಯಲ್ಲಿ ಕಿತ್ತಳೆ ಬಣ್ಣದ ಒಂದು ಬೆಕ್ಕಿನ ಮೈ ಇತ್ತು, ಅರ್ಧ ಹೆಣೆದದ್ದು. ಅದು ಅವಳು ತನಗಾಗಿಯೇ ಮಾಡಿಕೊಳ್ಳುತ್ತಿದ್ದ ಬೆಕ್ಕು. ತಲೆ ತಗ್ಗಿಸಿ ಅದನ್ನೇ ಸರಸರ ಹೆಣೆಯತೊಡಗಿದಳು.

ಗಿಲಕಿ ಅನ್ನುವುದು ಅವಳ ನಿಜವಾದ ಹೆಸರಲ್ಲ. ಬಾಯಿ ಒಂದು ಕ್ಷಣವೂ ಸುಮ್ಮನಿರುವುದಿಲ್ಲ ಅಂತ ಮನೆಯವರು ಹಾಗೆ ಕರೆಯುತ್ತಾರೆ. ಅವಳು ಐದನೇ ಕ್ಲಾಸು. ಬಟಾಣಿ ಮೂರನೇ ಕ್ಲಾಸು; ಹುಟ್ಟಿದಾಗ ಬಟಾಣಿ ಕಾಳಿನ ಹಾಗೆ ಗುಂಡಗಿದ್ದನಂತೆ.

ಅತ್ತೆ ಅಂದರೆ ಅಪ್ಪನ ತಂಗಿ. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ, ಸಂಜೆ ಮನೆಯಲ್ಲಿ ಕ್ರೋಶಾ. ಒಂದು ಕೊಕ್ಕೆ ಕಡ್ಡಿ, ಒಂದು ಉಂಡೆ ದಾರ ಕೊಟ್ಟರೆ ಸಾಕು, ಅವಳು ಆನೆಯನ್ನೂ ಮಾಡುತ್ತಾಳೆ, ಆಕ್ಟೋಪಸ್ಸನ್ನೂ ಮಾಡುತ್ತಾಳೆ. ವರ್ಷಕ್ಕೆ ಎರಡು ಸಲ ಊರಿನ ದೊಡ್ಡ ಹಾಲ್‌ನಲ್ಲಿ ಫ್ಯಾನ್ ಮೇಳ ನಡೆಯುತ್ತದೆ. ಕಾರ್ಟೂನು, ವಿಡಿಯೋ ಗೇಮು ಅಂದರೆ ಪ್ರಾಣ ಬಿಡುವವರೆಲ್ಲ ಅವುಗಳ ಪಾತ್ರಗಳ ವೇಷ ಹಾಕಿಕೊಂಡು ಬರುತ್ತಾರೆ. ಅಲ್ಲಿ ಗೊಂಬೆ ಮಾರಲು ಅತ್ತೆಗೊಂದು ಟೇಬಲ್ಲು. ಈ ಸಲ ಎಲ್ಲರಿಗೂ ಬೇಕಾದದ್ದು ಟಿವಿಯ ನೀಲಿ ಬೆಕ್ಕು, ಆರು ಕಾಲಿನ ಆರ್ಗಾಲಿ.

ಟೇಬಲ್ಲಿಗೆ ಎರಡೇ ಬ್ಯಾಡ್ಜು. ಒಂದು ಅತ್ತೆಗೆ, ಇನ್ನೊಂದು ಸಹಾಯಕ್ಕೆ ಬರುವವರಿಗೆ. ಆ ಇನ್ನೊಂದು ತನಗೇ ಅಂತ ಗಿಲಕಿ ಯಾವತ್ತೋ ತೀರ್ಮಾನಿಸಿದ್ದಳು. ತಲೆಗೆ ಹಾಕಿಕೊಳ್ಳಲು ಬೆಕ್ಕಿನ ಕಿವಿಯ ಹೇರ್‌ಬ್ಯಾಂಡ್ ಕೂಡ ಹೆಣೆದಿಟ್ಟಿದ್ದಳು. ಕ್ಲಾಸಿನ ಮೂವತ್ತೆಂಟು ಮಕ್ಕಳಿಗೂ ಹೇಳಿಯಾಗಿತ್ತು.

"ಅಂದ ಹಾಗೆ," ಅತ್ತೆ ಕಾಲುಗಳನ್ನು ಡಬ್ಬಿಗೆ ತುಂಬುತ್ತಾ ಹೇಳಿದಳು, "ಭಾನುವಾರ ಬಟಾಣೀನ ಕರ್ಕೊಂಡು ಹೋಗೋಣ ಅಂತಿದೀನಿ. ಇಷ್ಟು ಚಿಕ್ಕ ಹುಡುಗ ಟೇಬಲ್ ಹತ್ರ ಕೂತು ಹೆಣೀತಿದ್ರೆ ಜನ ನಿಂತು ನೋಡ್ತಾರೆ. ನೀನು ಮುಂದಿನ ಸಲ ಬರುವೆಯಂತೆ, ಆಯ್ತಾ?"

ಬಟಾಣಿ ಕುರ್ಚಿಯಿಂದ ಜಿಗಿದು ಅಡುಗೆಮನೆಗೆ ಓಡಿ ಅಮ್ಮನಿಗೆ ಹೇಳಿದ. ಅಮ್ಮ "ಭಲೇ" ಅಂದದ್ದು ಇಲ್ಲಿಯವರೆಗೂ ಕೇಳಿಸಿತು.

ಅವನಿಗೆ ಹೆಣಿಗೆ ಕಲಿಸಿದ್ದು ಯಾರು? ಗಿಲಕಿ. ಹೋದ ರಜೆಯಲ್ಲಿ ಕಾಲು ಉಳುಕಿಸಿಕೊಂಡು ಮನೆಯಲ್ಲೇ ಕೂತು ಗೊಣಗುತ್ತಿದ್ದವನಿಗೆ ತನ್ನ ಹಸಿರು ಕಡ್ಡಿಯನ್ನೇ ಕೊಟ್ಟು, ಬೆರಳು ಹಿಡಿದು ತಿದ್ದಿದವಳು ಅವಳು. ಅವನಿಗೆ ಎಣಿಕೆ ತಪ್ಪುತ್ತದೆ ಅಂತ ಬಸ್ಸಿನ ಉಪಾಯ ಹುಡುಕಿದವಳೂ ಅವಳೇ. ಅವರು ದಿನಾ ಶಾಲೆಗೆ ಹೋಗುವ ಬಸ್ಸಿಗೆ ಆರು ಸ್ಟಾಪು. ಮನೆ, ಅಂಗಡಿ, ಆಸ್ಪತ್ರೆ, ಸೇತುವೆ, ಪೋಸ್ಟಾಫೀಸು, ಶಾಲೆ. ಒಂದು ಕುಣಿಕೆಗೆ ಒಂದು ಸ್ಟಾಪು. ಶಾಲೆ ಬಂತೆಂದರೆ ಆರು ಕುಣಿಕೆ ಆಯಿತು. ಈಗ ಅದೇ ಬಸ್ಸು ಹತ್ತಿ ಅವನು ಮೇಳಕ್ಕೆ ಹೊರಟಿದ್ದಾನೆ. ಗಿಲಕಿಗೆ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದ ಹಾಗಾಯಿತು.

ಶುಕ್ರವಾರ ಸಂಜೆಯ ಹೊತ್ತಿಗೂ ಆ ಒಲೆ ಇನ್ನೂ ಆರಿರಲಿಲ್ಲ.

ಬಟಾಣಿ ಚಾಪೆಯ ಮೇಲೆ ಕೂತು ದೊಡ್ಡ ಆರ್ಗಾಲಿಯ ತಲೆ ಹೆಣೆಯುತ್ತಿದ್ದ. ಯಾರೋ ಮೊದಲೇ ಹೇಳಿಟ್ಟಿದ್ದ ಬೆಕ್ಕು ಅದು, ಭಾನುವಾರ ಮೇಳದಲ್ಲೇ ಬಂದು ತಗೊಳ್ಳುತ್ತಾರಂತೆ. ಎರಡು ಸಂಜೆಯ ಕೆಲಸ ಆಗಿತ್ತು. ತಲೆ ತೆಂಗಿನ ಚಿಪ್ಪಿನಷ್ಟು ಬೆಳೆದಿತ್ತು.

"ಬಟಾಣಿ, ನೀರು ಆರಿಹೋಗ್ತಿದೆ, ಸ್ನಾನಕ್ಕೆ ಬಾ," ಎಂದು ಅಮ್ಮ ಕೂಗಿದಳು.

"ಒಂದೇ ನಿಮಿಷ. ಸೇತುವೆ, ಪೋಸ್ಟಾಫೀಸು, ಶಾಲೆ. ಬಂದೆ." ಅವನು ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿ ಏಳುವವನೇ ಅಲ್ಲ.

ಗಿಲಕಿ ಒಬ್ಬಳೇ ಉಳಿದಳು. ನೀಲಿ ತಲೆಯಲ್ಲಿ ಹಳದಿ ಪಿನ್ನೊಂದು ಹೊಳೆಯುತ್ತಿತ್ತು.

ಆ ಪಿನ್ನಿಗೆ ದೊಡ್ಡ ಕೆಲಸವಿದೆ. ಗೊಂಬೆಯ ತಲೆ ಸುತ್ತುತ್ತಾ ಸುತ್ತುತ್ತಾ ಬೆಳೆಯುತ್ತದೆ. ಒಂದು ಸುತ್ತು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ಸುತ್ತಿನ ಮೊದಲ ಕುಣಿಕೆಗೆ ಪಿನ್ನು ಸಿಕ್ಕಿಸುತ್ತಾರೆ. ಈ ತಲೆಗೆ ಒಂದು ಸುತ್ತಿಗೆ ಮೂವತ್ತಾರು ಕುಣಿಕೆ, ಅಂದರೆ ಆರು ಬಸ್ಸು. ಆರನೇ ಬಸ್ಸು ಶಾಲೆ ಮುಟ್ಟಿದಾಗ ಪಿನ್ನು ಸಿಗಬೇಕು.

ಗಿಲಕಿ ಒಮ್ಮೆ ಸ್ನಾನದ ಮನೆಯ ಕಡೆ ನೋಡಿದಳು. ಪಿನ್ನು ತೆಗೆದಳು. ನಾಲ್ಕು ಕುಣಿಕೆ ಹಿಂದಕ್ಕೆ ಚುಚ್ಚಿದಳು. ಆಮೇಲೆ ಹೋಂವರ್ಕ್ ಪುಸ್ತಕ ತೆರೆದು, ತುಂಬಾ ಓದುವವಳ ಹಾಗೆ ಕೂತಳು.

ಬಟಾಣಿ ಒದ್ದೆ ತಲೆಯಲ್ಲೇ ಬಂದು ಹೆಣೆಯಲು ಶುರುಮಾಡಿದ. ಸ್ವಲ್ಪ ಹೊತ್ತಿಗೆ ಅವನ ಪಿಸುಗುಟ್ಟುವಿಕೆ ನಿಂತಿತು. ಮತ್ತೆ ಮೊದಲಿಂದ ಬೆರಳಿಟ್ಟು ಎಣಿಸಿದ. ಇನ್ನೊಮ್ಮೆ ಎಣಿಸಿದ.

"ಅಕ್ಕಾ, ಆರನೇ ಬಸ್ಸು ಅಂಗಡಿ ಹತ್ರಾನೇ ನಿಂತುಬಿಡ್ತು. ಅಷ್ಟರಲ್ಲೇ ಪಿನ್ನು ಬಂತು. ಸ್ವಲ್ಪ ನೋಡ್ತೀಯಾ?"

ಅವಳು ಪಕ್ಕಕ್ಕೆ ಬಂದು ಕೂತಳು. ಇಬ್ಬರೂ ಸೇರಿ ಎಣಿಸಿದರು. "ಮೂವತ್ತೆರಡು," ಎಂದಳು ಗಿಲಕಿ. ಅವಳ ದನಿ ಅವಳಿಗೇ ಬೇರೆಯವರದ್ದರ ಹಾಗೆ ಕೇಳಿಸಿತು.

"ಹಾಗಾದ್ರೆ ಕೆಳಗೆ ಎಲ್ಲೋ ನಾಲ್ಕು ಸ್ಟಾಪು ಬಿಟ್ಟಿದೀನಿ. ಎಲ್ಲಿ ಅಂತ ಗೊತ್ತಾಗ್ತಿಲ್ಲ, ಪೂರ್ತಿ ಬಿಚ್ಬೇಕು."

ಪಿನ್ನು ಸುಳ್ಳಾಗಿರಬಹುದು ಅಂತ ಅವನಿಗೆ ಹೊಳೆಯಲೇ ಇಲ್ಲ. ಪಿನ್ನನ್ನು ಕಿತ್ತು ಪಕ್ಕಕ್ಕಿಟ್ಟು, ದಾರದ ತುದಿ ಹಿಡಿದು ಎಳೆದ. ಕ್ರೋಶಾ ಬಿಚ್ಚುವುದು ಬಲು ಸುಲಭ. ಸರ್ ಸರ್ ಅಂತ ಸುತ್ತುಗಳು ಬಿಚ್ಚಿಕೊಂಡವು. ತೆಂಗಿನ ಚಿಪ್ಪಿನಷ್ಟಿದ್ದ ತಲೆ ನಿಂಬೆಹಣ್ಣಾಯಿತು, ಗುಂಡಿಯಷ್ಟಾಯಿತು, ಇಲ್ಲವಾಯಿತು. ಚಾಪೆಯ ಮೇಲೆ ಗುಂಗುರು ಗುಂಗುರಾದ ನೀಲಿ ದಾರ ರಾಶಿ ಬಿತ್ತು.

ಹೇಳು, ಈಗ ಹೇಳು ಅಂತ ಗಿಲಕಿಯ ಮನಸ್ಸು ಹೇಳುತ್ತಲೇ ಇತ್ತು. ಅವಳು ಆ ದಾರವನ್ನು ಬೆರಳಿಗೆ ಸುತ್ತುತ್ತಾ ಕೂತೇ ಇದ್ದಳು.

ಬಟಾಣಿ ಅಳಲಿಲ್ಲ. ನೇರವಾಗಿ ಅತ್ತೆಯ ಹತ್ತಿರ ಹೋದ. "ಅತ್ತೆ, ನನಗೆ ಎಣಿಸೋಕೆ ಬರಲ್ಲ. ಅಲ್ಲಿ ಎಲ್ಲರ ಮುಂದೆ ತಪ್ಪಾಗತ್ತೆ. ಅಕ್ಕನ್ನೇ ಕರ್ಕೊಂಡು ಹೋಗು."

ಅತ್ತೆ ಎಷ್ಟು ಸಮಾಧಾನ ಹೇಳಿದರೂ ಅವನು ಕೇಳಲಿಲ್ಲ. ಕೊನೆಗೆ ಅವಳು ನಿಟ್ಟುಸಿರು ಬಿಟ್ಟಳು. "ಸರಿ. ಗಿಲಕಿ, ತಲೆ ನೀನು ಮಾಡಿಕೊಡು. ಬ್ಯಾಡ್ಜು ನಿನಗೇ ಇರಲಿ."

ಬೇಕೆಂದದ್ದು ಕೈಗೆ ಬಂದಿತ್ತು. ಗಿಲಕಿ ಸಂತೋಷಕ್ಕಾಗಿ ಕಾದಳು. ಊಟ ಆಯಿತು, ಹಾಸಿಗೆ ಹಾಸಿದ್ದಾಯಿತು. ಸಂತೋಷ ಬರಲೇ ಇಲ್ಲ.

ಶನಿವಾರ ಶಾಲೆ ಇರಲಿಲ್ಲ, ಅತ್ತೆಯೂ ಅಂಗಡಿಗೆ ರಜೆ ಹಾಕಿದ್ದಳು. ಬೆಳಿಗ್ಗೆಯೇ ಗಿಲಕಿ ತಲೆ ಹೆಣೆಯಲು ಕೂತಳು. ಹತ್ತು ಸುತ್ತು ಆಗುವಷ್ಟರಲ್ಲಿ ಕಡ್ಡಿ ಒಳಗೇ ಹೋಗದಾಯಿತು. ಕುಣಿಕೆಗಳು ಅಷ್ಟು ಬಿಗಿ. ಬೆರಳ ತುದಿಗಳು ಕೆಂಪಗಾದವು.

ಅತ್ತೆ ಅದನ್ನು ತೆಗೆದುಕೊಂಡು ಒತ್ತಿ ನೋಡಿದಳು. "ಇದೇನೇ, ಕಲ್ಲಿನ ಹಾಗಿದೆ. ದಾರದ ಕತ್ತು ಹಿಸುಕ್ತಾ ಇದೀಯ. ಯಾರ ಮೇಲೆ ಇಷ್ಟು ಸಿಟ್ಟು?"

"ಯಾರ ಮೇಲೂ ಇಲ್ಲ."

ಅತ್ತೆ ತಲೆಯನ್ನು ಅವಳ ಕೈಗಿಟ್ಟು, ಬೆಕ್ಕುಗಳಿಗೆ ಕಣ್ಣು ಅಂಟಿಸುವ ಕೆಲಸಕ್ಕೆ ವಾಪಸು ಹೋದಳು.

ಅಷ್ಟರಲ್ಲಿ ಬಟಾಣಿ ಬಂದ. ಅವನ ಕೈಯಲ್ಲಿ ಹಸಿರು ಕಡ್ಡಿ ಇತ್ತು. ಅದನ್ನು ಗಿಲಕಿಯ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದ.

"ತಗೋ ಅಕ್ಕ, ನಿನ್ನ ಕಡ್ಡಿ. ನಂಗಿನ್ನು ಬೇಡ."

ಅವನು ಬಾಗಿಲವರೆಗೆ ಹೋಗಿದ್ದ.

"ಬಟಾಣಿ, ನೀನು ಸ್ಟಾಪು ಬಿಟ್ಟಿರಲಿಲ್ಲ. ಪಿನ್ನು ಕಿತ್ತು ಬೇರೆ ಕಡೆ ಚುಚ್ಚಿದ್ದು ನಾನು."

ಅವನು ತಿರುಗಿದ. "ಯಾವಾಗ?"

"ನೀನು ಸ್ನಾನಕ್ಕೆ ಹೋದಾಗ."

ಬಟಾಣಿ ಬೆರಳು ಮಡಚಿ ಬಿಡಿಸಿ ಏನೋ ಲೆಕ್ಕ ಹಾಕಿದ. "ಹಾಗಾದ್ರೆ ನಾನು ಎಣಿಸಿದ್ದು ಸರಿ ಇತ್ತಾ?"

"ಸರಿ ಇತ್ತು."

"ಆರು ಬಸ್ಸೂ?"

"ಆರು ಬಸ್ಸೂ ಸರಿ ಇತ್ತು."

ಅವನ ಮುಖ ಅರಳಿತು. ಹೊಡೆಯುತ್ತಾನೆ, ಕಚ್ಚುತ್ತಾನೆ ಅಂತ ಕಾದಿದ್ದ ಗಿಲಕಿಗೆ ಅದನ್ನು ನೋಡಲಾಗಲಿಲ್ಲ. ಆದರೆ ಅದು ಒಂದೇ ಗಳಿಗೆ. ಆಮೇಲೆ ಅವನು ಚಾಪೆಯ ಕಡೆ ನೋಡಿದ.

"ನಾನು ಬಿಚ್ತಾ ಇದ್ದಾಗ ನೀನು ಪಕ್ಕದಲ್ಲೇ ಕೂತಿದ್ದೆ," ಎಂದ.

ಗಿಲಕಿ ಡಬ್ಬಿಯ ಮುಚ್ಚಳ ತೆಗೆದು ಹಸಿರು ಕಡ್ಡಿಯನ್ನು ಅವನ ಕಡೆ ಚಾಚಿದಳು.

"ಟೂ," ಎಂದ ಬಟಾಣಿ. "ನಿನ್ನ ಜೊತೆ ದೊಡ್ಡ ಟೂ."

ಮೇಜಿನ ಹತ್ತಿರ ಅತ್ತೆಯ ಕೈ ನಿಂತಿತ್ತು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಇದರ ಬಗ್ಗೆ ನಾನೂ ನೀನೂ ಆಮೇಲೆ ಮಾತಾಡೋದಿದೆ, ಗಿಲಕಿ," ಎಂದಳು ಗಟ್ಟಿಯಾಗಿ. "ಈಗ ತಲೆ ಆಗ್ಬೇಕು. ಬಟಾಣಿ, ಕಡ್ಡಿ ತಗೋ. ನೀನು ದಾರ ಸುತ್ತಿ ಕೊಡು."

ಗಿಲಕಿ ತನ್ನ ಬಿಗಿ ತಲೆಯನ್ನು ಬಿಚ್ಚಿದಳು. ಗುಂಗುರು ದಾರವನ್ನು ಎಳೆ ಎಳೆಯಾಗಿ ಬಿಡಿಸಿ ಉಂಡೆ ಸುತ್ತಿದಳು. ಬಟಾಣಿ ಅವಳಿಗೆ ಬೆನ್ನು ತಿರುಗಿಸಿ ಕೂತು ಹೆಣೆದ. ದಾರ ಬೇಕಾದಾಗ ಕೈಯನ್ನು ಮಾತ್ರ ಹಿಂದಕ್ಕೆ ಚಾಚುತ್ತಿದ್ದ. ಅವಳು ಕೊಡುತ್ತಿದ್ದಳು. ಬಸ್ಸುಗಳು ಒಂದರ ಹಿಂದೊಂದು ಶಾಲೆ ಮುಟ್ಟಿದವು. ದೀಪ ಹಾಕುವ ಹೊತ್ತಿಗೆ ತಲೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಬಟಾಣಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕತ್ತಿಗೆ ಬ್ಯಾಡ್ಜು ನೇತುಹಾಕಿಕೊಂಡು ತಯಾರಾದ. ಗಿಲಕಿ ಬೆಕ್ಕಿನ ಕಿವಿಯ ಹೇರ್‌ಬ್ಯಾಂಡನ್ನು ತಂದು ಚಾಚಿದಳು. ಅವನು ಅದನ್ನು ಹಾಕಿಕೊಂಡ. ಅದು ಜಾರಿ ಮೂಗಿನ ಮೇಲೆ ಕೂತಿತು.

"ಅತ್ತೆ, ಅವಳಿಗೆ ಹೇಳು, ಇದು ದೊಡ್ಡದಾಯ್ತು ಅಂತ."

"ಅತ್ತೆ, ಅವನಿಗೆ ಹೇಳು, ಹಿಂದೆ ಒಂದು ಪಿನ್ನು ಹಾಕಿದ್ರೆ ನಿಲ್ಲತ್ತೆ ಅಂತ."

ಅತ್ತೆ ನಗು ತಡೆದುಕೊಂಡು ಚೀಲ ಕಟ್ಟಿದಳು. ಬಟಾಣಿ ಜೇಬಿನಿಂದ ಹಳದಿ ಪಿನ್ನು ತೆಗೆದ. ಅದನ್ನೂ ಅಕ್ಕನನ್ನೂ ಒಮ್ಮೆ ನೋಡಿದ. ಆಮೇಲೆ ಅವಳ ಕೈಗೆ ಕೊಟ್ಟು, ತಲೆಯ ಹಿಂಭಾಗವನ್ನು ಅವಳ ಕಡೆ ತಿರುಗಿಸಿ ನಿಂತ. ಗಿಲಕಿ ಅವನಿಗೆ ಚುಚ್ಚದ ಹಾಗೆ, ಬೆರಳು ಅಡ್ಡ ಇಟ್ಟು ಪಿನ್ನು ಹಾಕಿದಳು.

ಅವರು ಹೋದರು. ಮನೆ ಸದ್ದಿಲ್ಲದಾಯಿತು. ನಾಳೆ ಕ್ಲಾಸಿನಲ್ಲಿ ಮೂವತ್ತೆಂಟು ಮಕ್ಕಳೂ ಕೇಳುತ್ತಾರೆ. ಹೋಗಲಿಲ್ಲ, ತಮ್ಮ ಹೋದ ಅನ್ನಬೇಕು. ಹೊಟ್ಟೆಯೊಳಗೆ ಇನ್ನೂ ಸ್ವಲ್ಪ ಉರಿ ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ.

ಮಾಡಲು ಬೇರೆ ಏನೂ ಇಲ್ಲದೆ ಅವಳು ತನ್ನ ಕಿತ್ತಳೆ ಬೆಕ್ಕನ್ನು ಎತ್ತಿಕೊಂಡಳು. ಅದರ ಆಕಾರ ಏನೋ ವಿಚಿತ್ರವಾಗಿತ್ತು. ಕೆಳಗೆ ಮೆತ್ತಗೆ, ಗುಂಡಗೆ ಇದ್ದ ಮೈ ನಡುವಿನಲ್ಲಿ ಇದ್ದಕ್ಕಿದ್ದ ಹಾಗೆ ಸಣ್ಣಗಾಗಿತ್ತು, ಸೊಂಟಕ್ಕೆ ಯಾರೋ ಹಗ್ಗ ಬಿಗಿದ ಹಾಗೆ. ಎಣಿಸಿದಳು. ಕುಣಿಕೆ ಎಲ್ಲ ಸರಿಯಾಗಿಯೇ ಇದ್ದವು. ಅಲ್ಲಿಂದ ಮೇಲಕ್ಕೆ ದಾರ ಮಾತ್ರ ಬಿಗಿ.

ಆ ಸುತ್ತು ಹೆಣೆಯುವಾಗ ಏನಾಗಿತ್ತು? ನೆನಪು ಮಾಡಿಕೊಂಡಳು. ಮೇಜು. ಸ್ಕೇಲು. ಹನ್ನೆರಡು ಕಾಲು. ಅತ್ತೆ ನಕ್ಕದ್ದು.

ಆ ನಗು ಚುಚ್ಚಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬೆಕ್ಕಿನ ಸೊಂಟಕ್ಕೆ ಮಾತ್ರ ಗೊತ್ತಿತ್ತು.

ಗಿಲಕಿ ದಾರದ ತುದಿ ಹಿಡಿದು ನಿಧಾನವಾಗಿ ಎಳೆದಳು. ಬಿಗಿಯಾದ ಸುತ್ತುಗಳು ಒಂದೊಂದಾಗಿ ಬಿಚ್ಚಿಕೊಂಡವು. ಮೆತ್ತಗಿನ ಭಾಗ ಬಂದಾಗ ಕೈ ನಿಲ್ಲಿಸಿದಳು. ಅಲ್ಲಿಗೊಂದು ಪಿನ್ನು ಸಿಕ್ಕಿಸಿ, ಕಡ್ಡಿ ಒಳಗೆ ತೂರಿಸಿದಳು. ಅದು ಸಲೀಸಾಗಿ ಹೋಯಿತು.

"ಮನೆ," ಎಂದಳು ಮೆಲ್ಲಗೆ. "ಅಂಗಡಿ."

ಬಸ್ಸು ಅಂಗಡಿ ದಾಟಿ ಆಸ್ಪತ್ರೆಯ ಕಡೆ ಹೊರಟಿತು.